ನಾನು ಬೆಂಕಿ ಲೈನು, ನನ್ನ ಮೇಲೆ ಏನೂ ಇಡಬೇಡಿ

ನಾನೊಂದು ಬೆಂಕಿ ಲೈನು. ಹೆಸರು ಕೇಳಿ ಬೆಂಕಿಯ ಕಡೆಯವನು ಅಂದುಕೊಳ್ಳಬೇಡಿ. ಬೆಂಕಿಗೆ ತಿನ್ನಲು ಏನೂ ಸಿಗದ ಹಾಗೆ ಬೋಳು ಮಾಡಿಟ್ಟ ನೆಲದ ಪಟ್ಟಿ ನಾನು. ನನ್ನ ಒಂದು ಮಗ್ಗುಲಲ್ಲಿ ಆಳೆತ್ತರ ಹುಲ್ಲು ಬೆಳೆಯುವ ಗುಡ್ಡ, ಇನ್ನೊಂದು ಮಗ್ಗುಲಲ್ಲಿ ಕಲ್ಲಾರೆ ಪೋಡು. ಪೋಡು ಅಂದರೆ ಸೋಲಿಗರ ಊರು. ಹುಲ್ಲಿನ ಸೂರು, ಬಿದಿರ ತಟ್ಟಿ, ಒಂದು ಕಿಡಿ ಬಿದ್ದರೆ ಮುಗಿಯಿತು. ಇವೆರಡರ ನಡುವೆ ಬರಿದಾಗಿ ಮಲಗಿರುವುದೇ ನನ್ನ ಕೆಲಸ. ಮಲಗಿರುವ ಕೆಲಸವನ್ನೂ ನೆಟ್ಟಗೆ ಮಾಡಲು ಬಿಡಲಿಲ್ಲವಲ್ಲ ಈ ಜನ, ಅದಕ್ಕೇ ನನಗೆ ಇಷ್ಟು ಸಿಟ್ಟು.

ನನ್ನನ್ನು ಹುಟ್ಟಿಸಿದವನು ಪೋಡಿನ ಹಿರಿಯ ಕ್ಯಾತೇಗೌಡ. ಒಂದು ಬೇಸಗೆಯಲ್ಲಿ ಗುಡ್ಡದ ಬೆಂಕಿ ಇಳಿದು ಬಂದು ಪೋಡಿನ ಅರ್ಧ ಮನೆಗಳನ್ನು ನೆಕ್ಕಿತ್ತು. ಆಮೇಲೆ ಅರಣ್ಯ ಇಲಾಖೆಯವರಿಗೂ ಬುದ್ಧಿ ಬಂತು, ಲೈನು ಹೊಡೆಯಿರಿ ಎಂದರು. ದೀಪಾವಳಿ ಕಳೆದ ಮೇಲೆ ಮಚ್ಚು, ಕುಡುಗೋಲು ಹಿಡಿದು ಪೋಡಿಗೆ ಪೋಡೇ ಇಳಿಯಿತು. ಹುಲ್ಲು ಕೊಯ್ದರು, ಲಂಟಾನದ ಪೊದೆಗಳನ್ನು ಬೇರು ಸಮೇತ ಕಿತ್ತರು, ಒಣಗಲು ಬಿಟ್ಟರು. ಒಣಗಿದ್ದನ್ನೆಲ್ಲ ನನ್ನ ನಡುವಿಗೆ ಗುಡಿಸಿ ತಂದು, ಇಬ್ಬನಿ ಇನ್ನೂ ಹಸಿಯಾಗಿದ್ದ ಒಂದು ಬೆಳಗ್ಗೆ ತಾವೇ ಕಡ್ಡಿ ಗೀರಿದರು.

"ಮ್ಯಾಲಿಂದ ಕೆಳಕ್ಕ ಸುಟ್ಕಂಡು ಬನ್ನಿ," ಎಂದು ಕ್ಯಾತೇಗೌಡ ಕೂಗುತ್ತಿದ್ದ. "ಬೆಂಕಿ ಮೊಲ ಇದ್ದಂಗ ಕನ್ರಪ್ಪೋ, ಏರು ಸಿಕ್ಕುದ್ರ ಹಿಡಿಯಕ್ಕಾಗದಿಲ್ಲ!"

ಅವನ ಸೊಸೆ ಜಡಿಯಮ್ಮ ಆಗಿನ್ನೂ ಹೊಸ ಮದುವಣಗಿತ್ತಿ. ಹಸಿ ಸೊಪ್ಪಿನ ಕೊಂಬೆ ಹಿಡಿದು, ಅಂಚಿಗೆ ಹಾರುವ ಕಿಡಿಗಳನ್ನು ಬಡಿಯುತ್ತ ಬಂದಳು. ಮುಖವೆಲ್ಲ ಮಸಿ. ಅತ್ತೆ ಕುಂಬಮ್ಮನಿಗೆ ನಗು ತಡೆಯಲಿಲ್ಲ.

"ನೋಡ್ರವ್ವ ನನ್ ಸೊಸೇನ. ಮದ್ವ ದಿನ ಅರ್ಸಿಣನೂ ಇಷ್ಟು ಹತ್ತಿರ್ನಿಲ್ಲ!"

"ನಿಮ್ಗೂ ವಸಿ ಬಳೀಲಾ ಅತ್ತೆ?" ಎಂದು ಜಡಿಯಮ್ಮ ಎರಡೂ ಕೈ ಚಾಚಿಕೊಂಡು ಓಡಿದಳು. ಅತ್ತೆ ಮುಂದೆ, ಸೊಸೆ ಹಿಂದೆ. ಬಿಸಿ ಬೂದಿಯ ಮೇಲೆ ಅವರ ಅಂಗಾಲುಗಳು ಬಿದ್ದವು. ಹೀಗೆ ನಾನು ಹುಟ್ಟಿದೆ. ಮೈಯೆಲ್ಲ ಕಪ್ಪು, ತಲೆಯಿಂದ ಕಾಲವರೆಗೆ ಬೋಳು.

ನಾನು ಒಮ್ಮೆ ಮಾಡಿ ಮರೆಯುವ ವಸ್ತುವಲ್ಲ. ಮಳೆಗಾಲದಲ್ಲಿ ನನ್ನ ಮೇಲೂ ಹುಲ್ಲು ಹುಟ್ಟುತ್ತದೆ. ವರ್ಷ ವರ್ಷವೂ ಬೋಳಿಸಬೇಕು, ವರ್ಷ ವರ್ಷವೂ ನಾನು ಮತ್ತೆ ಹುಟ್ಟಬೇಕು. ಕ್ಯಾತೇಗೌಡ ಇರುವಷ್ಟು ಕಾಲ ಅದು ತಪ್ಪಲಿಲ್ಲ. ಒಂದು ಶಿವರಾತ್ರಿಯ ಹೊತ್ತಿಗೆ ಗುಡ್ಡ ಹೊತ್ತಿಕೊಂಡಿತು. ಬೆಂಕಿ ದಡದಡನೆ ಇಳಿದು ನನ್ನ ಅಂಚಿಗೆ ಬಂತು, ನಾಲಗೆ ಚಾಚಿತು. ತಿನ್ನಲು ಒಂದು ಗರಿಕೆಯೂ ಇಲ್ಲ. ಅಲ್ಲೇ ಕುಕ್ಕರಿಸಿ ಸತ್ತಿತು. ಪೋಡಿನವರು ಗಂಜಿ ಕುಡಿದು ಮಲಗಿದರು. ಯಾರೂ ನನ್ನನ್ನು ಹೊಗಳಲಿಲ್ಲ. ಆಗದೇ ಹೋದ ಅನಾಹುತಕ್ಕೆ ಯಾರು ಹಾರ ಹಾಕುತ್ತಾರೆ?

ಆದರೆ ಬರಿ ಜಾಗ ಕಂಡರೆ ಮನುಷ್ಯರ ಕೈ ತುರಿಸುತ್ತದೆ. ಒಬ್ಬ ಆಡು ಕಟ್ಟುತ್ತಾನೆ, ಇನ್ನೊಬ್ಬ ಸೌದೆ ಒಟ್ಟುತ್ತಾನೆ. ಕ್ಯಾತೇಗೌಡ ಕೋಲು ಹಿಡಿದು ಬರುತ್ತಿದ್ದ. "ಇದೇನು ನಿಮ್ಮಪ್ಪನ ಜಗುಲಿಯೇನ್ಲಾ? ಎತ್ಲಾ ಸೌದ್ಯ!" ಆ ಬೈಗುಳವೇ ನನಗೆ ಬೇಲಿ.

ಅವನು ತೀರಿಕೊಂಡ. ನನ್ನನ್ನು ಬೋಳಿಸುವ ಕೆಲಸ ಕಂಟ್ರಾಕ್ಟರಿಗೆ ಹೋಯಿತು. ಪೇಟೆಯಿಂದ ಒಬ್ಬ ಮೇಸ್ತ್ರಿ ಆಳುಗಳನ್ನೂ ಹುಲ್ಲು ಕೊಯ್ಯುವ ಮಿಷನ್ನನ್ನೂ ತಂದ. ಇಲಾಖೆಯ ಸಾಹೇಬರು ಜೀಪು ತಿರುಗಿಸಿಕೊಳ್ಳುವ ತಿರುವು ಒಂದಿದೆ. ಅಲ್ಲಿಯವರೆಗೆ ನನ್ನನ್ನು ಕನ್ನಡಿಯ ಹಾಗೆ ಮಾಡಿದರು. ತಿರುವಿನಾಚೆ ಹುಲ್ಲು ಕೊಯ್ದು ಕೊಯ್ದಲ್ಲೇ ಬಿಟ್ಟರು. ನಿಂತ ಹುಲ್ಲಿಗಿಂತ ಬಿದ್ದು ಒಣಗಿದ ಹುಲ್ಲು ಬೇಗ ಹೊತ್ತುತ್ತದೆ ಎಂದು ಒಲೆ ಹೊತ್ತಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಪೋಡು ಇರುವುದು ತಿರುವಿನಾಚೆ.

"ಮೇಸ್ತ್ರಿ, ಆಚ್ಗ ಎಲ್ಲಾನೂ ಹಂಗೇ ಬುಟ್ಟಿದ್ದೀರಲ್ಲ?" ಎಂದು ಜಡಿಯಮ್ಮ ಕೇಳಿದಳು.

"ಕೊಯ್ದಿದೀವಲ್ಲಮ್ಮ. ತಲೆ ಬಾಚಿ ಹೂವನ್ನೂ ಮುಡಿಸ್ಬೇಕಾ?"

ಆಳುಗಳು ಹಲ್ಲು ಬಿಟ್ಟರು. ಸಾಹೇಬರ ಜೀಪು ಬಂತು, ತಿರುವಿನಲ್ಲಿ ನಿಂತಿತು, ತಿರುಗಿಕೊಂಡು ಹೋಯಿತು. ಗಾಜು ಇಳಿಸಲಿಲ್ಲ. ನೆಲಕ್ಕೆ ಬಾಯಿ ಇರಬೇಕಿತ್ತು, ಅವತ್ತು ಅವರ ಚಕ್ರ ಕಚ್ಚಿ ಹಿಡಿಯುತ್ತಿದ್ದೆ.

ಜಡಿಯಮ್ಮ ಅಕ್ಕಪಕ್ಕದವರನ್ನು ಕಟ್ಟಿಕೊಂಡು ಪೋಡಿನ ನೇರಕ್ಕಿದ್ದ ನನ್ನ ಒಂದು ತುಂಡನ್ನು ತಾನೇ ಗುಡಿಸಿದಳು. ಅತ್ತೆ ಕುಂಬಮ್ಮ ಬಿದ್ದು ಸೊಂಟ ಮುರಿದುಕೊಂಡು ಒಳಗೆ ಮಲಗಿದ್ದಳು. ಬೆಂಕಿ ಬಂದರೆ ಎದ್ದು ಓಡುವ ಹಾಗಿರಲಿಲ್ಲ. ಸೊಸೆ ಬೆವರು ಸುರಿಸಿದಳು. ನನಗೆ ಜೀವ ಬಂದ ಹಾಗಾಯಿತು.

ಆಮೇಲೆ ಏನು ಮಾಡಿದಳು ಗೊತ್ತೇ? ಪೋಡಿನ ಅಂಗಳವೆಲ್ಲ ಮರದ ನೆರಳು. ಈಚಲ ಪೊರಕೆಯ ಗರಿ ಒಣಗಿಸಲು ಒಳ್ಳೆಯ ಬಿಸಿಲು ಬೀಳುವುದು ನನ್ನ ಮೇಲೆ ಮಾತ್ರ. ಮಾರನೆಯ ದಿನ ಪೊರಕೆ ಕೊಳ್ಳುವವರ ಲಾರಿ ಬರುವುದಿತ್ತು. ತಾನೇ ಗುಡಿಸಿದ ಜಾಗದ ಮೇಲೆ ಗರಿ ತಂದು ಹರವಿದಳು.

ಒಳಗಿನಿಂದ ಕುಂಬಮ್ಮ ಕೂಗಿದಳು: "ಜಡೀ, ಲೈನ್ ಮ್ಯಾಲ ಹರುವ್ಬ್ಯಾಡ ಕನವ್ವ. ನಿಮ್ ಮಾವ ಇದ್ದಿದ್ರ ಒದ್ದಿರೋನು."

"ಒಂದ್ ಬಿಸ್ಲು ಅಷ್ಟೇಯ ಅತ್ತೆ. ಸಂಜ್ಗ ಎತ್ಬುಡ್ತೀನಿ."

ಅವಳನ್ನು ನೋಡಿ ಪಕ್ಕದವಳು ಹರವಿದಳು, ಅವಳನ್ನು ನೋಡಿ ಅವಳ ಪಕ್ಕದವಳು. ಮಧ್ಯಾಹ್ನದ ಹೊತ್ತಿಗೆ ಈ ಅಂಚಿನಿಂದ ಆ ಅಂಚಿಗೆ ನಾನು ಒಂದು ಒಣ ಚಾಪೆ. ಮೇಸ್ತ್ರಿಯ ಮೇಲೆ ನನಗೆ ಸಿಟ್ಟಿತ್ತು, ಸರಿ. ಅವನು ಹೊರಗಿನವನು. ಆದರೆ ಜಡಿಯಮ್ಮ, ನೀನೂನಾ?

ಗಾಳಿ ತಿರುಗಿತು. ಗುಡ್ಡದ ಮೇಲೆ ಹೊಗೆ ಎದ್ದದ್ದಷ್ಟೇ ಕಂಡದ್ದು, ನೋಡನೋಡುತ್ತ ಬೆಂಕಿ ನನ್ನ ಅಂಚಿಗೆ ಬಂದಿತ್ತು. ಈ ಸಲ ಅದು ನಿಲ್ಲಲಿಲ್ಲ. ನಿಲ್ಲಲು ಕಾರಣವೇ ಇರಲಿಲ್ಲ. ಮೊದಲ ಗರಿಗೆ ಹತ್ತಿತು, ಚಟಚಟ ಎಂದು ನನ್ನ ಎದೆಯ ಮೇಲೆ ನಡೆದುಕೊಂಡು ಆಚೆ ದಾಟಿತು.

ಜಡಿಯಮ್ಮ ಒಳಗೆ ನುಗ್ಗಿ, ಅತ್ತೆಯನ್ನು ಕಂಬಳಿಗೆ ಉರುಳಿಸಿ, ದರದರ ಎಳೆದುಕೊಂಡು ಬಂಡೆಯ ಕಡೆ ಓಡಿದಳು.

"ಬುಟ್ಟೋಗು ಮುಂಡೆ! ನೀನಾದ್ರು ಉಳ್ಕ!"

"ಬಾಯ್ ಮುಚ್ಚತ್ತೆ!"

ಇಬ್ಬರೂ ಬಂಡೆ ಸೇರಿದರು, ಬದುಕಿದರು. ಮನೆ ಉಳಿಯಲಿಲ್ಲ. ಪೋಡಿನಲ್ಲಿ ಯಾರ ಮನೆಯೂ ಉಳಿಯಲಿಲ್ಲ.

ಇನ್ನಾದರೂ ಬುದ್ಧಿ ಬರುತ್ತದೆ ಎಂದುಕೊಂಡೆ. ಮಳೆ ಬಿದ್ದ ಕೂಡಲೇ ಸಾಹೇಬರು ಬಂದರು, ಶಾಮಿಯಾನ ಬಂತು, ಬೂಂದಿ ಹಂಚಿದರು. ಸುಟ್ಟ ಜಾಗವನ್ನು ಹಸಿರು ಮಾಡಬೇಕಂತೆ! ನನ್ನ ಮೈಗೆ ಗುಂಡಿ ತೋಡಿ ಸಸಿ ನೆಟ್ಟು, ತಲೆಯ ಹತ್ತಿರ ‘ನೆಡುತೋಪು’ ಎಂದು ಒಂದು ಬೋರ್ಡು ಹೊಡೆದರು. ಸಸಿಗಳ ನಡುವೆ ಲಂಟಾನ ಎದ್ದಿತು. ಬೆಂಕಿ ತಡೆಯಲು ಹುಟ್ಟಿದವನನ್ನು ಬೆಂಕಿಯ ಊಟದೆಲೆ ಮಾಡಿ ಕೈ ತೊಳೆದುಕೊಂಡು ಹೋದರು.

ಈಗ ನಾನು ಮುದುಕ. ಇಲ್ಲೊಂದು ಲೈನಿತ್ತು ಎಂದು ಹೊಸಬರಿಗೆ ಹೇಳಿದರೆ ನಗುತ್ತಾರೆ. ಜಡಿಯಮ್ಮ ಮನೆಯನ್ನು ಹಳೆಯ ಜಾಗದಲ್ಲೇ ಕಟ್ಟಿಕೊಂಡಿದ್ದಾಳೆ. ಕುಂಬಮ್ಮ ಇನ್ನೂ ಅಲ್ಲಿ ಮಲಗಿದ್ದಾಳೆ, ಇನ್ನೂ ಏಳಲಾರಳು. ಗುಡ್ಡದ ಹುಲ್ಲು ಮತ್ತೆ ಹಳದಿಯಾಗಿದೆ. ಈ ಬೆಳಗ್ಗೆ ಜಡಿಯಮ್ಮ ಒಬ್ಬಳೇ ಮಚ್ಚು ಹಿಡಿದು ಬಂದಳು. ಮೊದಲು ಲಂಟಾನ ಕಡಿದಳು, ಆಮೇಲೆ ಒಂದು ಸಸಿಗೆ ಕೈ ಹಾಕಿದಳು. ಗಾರ್ಡು ಶಿವನಂಜ ಓಡಿ ಬಂದ.

"ಅಕ್ಕೋ, ಇದು ನೆಡುತೋಪು. ಗಿಡ ಕಿತ್ರ ಕೇಸಾಯ್ತದ."

"ಇದು ಲೈನು."

"ಬೋರ್ಡ್ ನೋಡಕ್ಕ."

"ಬೋರ್ಡ್ ಓದ್ಕಂಡು ಬೆಂಕಿ ವಾಪಸ್ ಹೋಯ್ತದಾ ಶಿವನಂಜ?"

"ನನ್ ಕೆಲ್ಸ ಹೋಯ್ತದ ಕನಕ್ಕ."

"ನಿನ್ಗ ಕೆಲ್ಸ ಹೋದದು. ನನ್ಗ ಅತ್ತೆ ಹೋಯ್ತಾಳ. ನಾನೇ ಒಂದ್ಸಲ ಕೊಲ್ಲಕ್ಕ ಹೋಗಿದ್ದೆ, ಸಾಕು. ಹಾಕು ಕೇಸ."

ಅವಳು ಸಸಿ ಕಿತ್ತು ಎಸೆದಳು. ಅವನು ತಡೆಯಲಿಲ್ಲ, ಕೈ ಜೋಡಿಸಲೂ ಇಲ್ಲ. ಅವಳು ಪೋಡಿನ ಕಡೆ ತಿರುಗಿ ಬಾಯಿ ಮಾಡಿದಳು: "ಕೂತ್ಕಂಡು ನೋಡ್ತಿದ್ದೀರಲ್ಲ, ನಿಮ್ಮನ್ನೇನು ಸುಡದಿಲ್ವಾ ಅದು?" ಒಂದು ಬಾಗಿಲಲ್ಲಿ ಯಾರೋ ಇಣುಕಿದರು, ಅಷ್ಟೇ.

ಅವಳು ಬೋಳು ಮಾಡಿರುವುದು ಒಬ್ಬ ಮನುಷ್ಯ ಮಲಗುವಷ್ಟು ಜಾಗ. ಇಷ್ಟನ್ನು ಬೆಂಕಿ ನಿಂತಲ್ಲಿಂದಲೇ ದಾಟುತ್ತದೆ. ನನಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಬಗ್ಗಿ ಕಡಿಯುತ್ತಿದ್ದಾಳೆ. ಬರುವವರು ಈಗಲೇ ಬನ್ನಿ. ಸುಟ್ಟ ಮೇಲೆ ಬಂದು ನನ್ನ ಮೇಲೆ ಕೂತು ಅಳುವವರು ನನಗೆ ಬೇಡ.