ಹಸಿ ಅಕ್ಕಿ

"ಬಾಯಿ ತೆಗಿ," ಎಂದು ಗುರುಬಾಯಿ ಸೊಸೆಯ ಗಲ್ಲ ಹಿಡಿದಳು. ಅನುರಾಧಾಳ ನಾಲಿಗೆಯ ಮೇಲೆ ಅರ್ಧ ಅಗಿದ ಹಸಿ ಅಕ್ಕಿ. ಏಳು ತಿಂಗಳ ಬಸುರಿ, ಬಿಸಿ ರೊಟ್ಟಿ ಸರಿಸಿಟ್ಟು ಅಕ್ಕಿ ಕದ್ದು ತಿನ್ನುತ್ತಿದ್ದಳು. ಗುರುಬಾಯಿ ಅವಳ ಬೆನ್ನಿಗೊಂದು ಗುದ್ದಿ ಅಕ್ಕಿ ಡಬ್ಬಿಯನ್ನು ಅಟ್ಟಕ್ಕೇರಿಸಿದಳು.

ಮಗ ಕಾಶಿನಾಥ ಹುಟ್ಟುವ ಹಿಂದಿನ ದಿನದವರೆಗೂ ಗುರುಬಾಯಿ ಬಿಲ್ಡಿಂಗ್ ಕೆಲಸದಲ್ಲಿ ಇಟ್ಟಿಗೆ ಹೊತ್ತವಳು. ಆಂಟಾಪ್ ಹಿಲ್‌ನ ಚಾಳಿನಲ್ಲಿ ತಮ್ಮ ಮಹಡಿ ಮನೆಯ ಹದಿನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಸೊಸೆ ಮೂರು ಸಲ ಕೂರುವುದು ಅವಳಿಗೆ ಸೋಮಾರಿತನವಾಗಿ ಕಂಡಿತ್ತು. ದವಾಖಾನೆಯಲ್ಲಿ ಕೊಟ್ಟ ಕಬ್ಬಿಣಾಂಶದ ಗುಳಿಗೆ ನುಂಗಿದರೆ ಕೂಸು ಕಪ್ಪಗೆ ಹುಟ್ಟುತ್ತದೆ ಎಂದು ಪಕ್ಕದ ಮನೆಯವಳು ಹೇಳಿದ್ದಳು. ಗುಳಿಗೆ ತಂದ ಎರಡನೇ ವಾರದಲ್ಲೇ ಗುರುಬಾಯಿ ಅವನ್ನು ಮೋರಿಗೆ ಸುರಿದಿದ್ದಳು.

ಮರುದಿನ ಬೆಳಿಗ್ಗೆ ಅನುರಾಧಾ ನಲ್ಲಿಯ ಹತ್ತಿರ ಕುಸಿದುಬಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಕೆಂಪೇ ಇರಲಿಲ್ಲ. ಅವರು ಮರಾಠಿಯಲ್ಲಿ ಹೇಳಿದ್ದನ್ನು ಮಂಗಳೂರು ಕಡೆಯ ನರ್ಸ್ ರಾಜೀವಿ ಗುರುಬಾಯಿಗೆ ಬಿಡಿಸಿ ಹೇಳಿದಳು. ಮೈಯಲ್ಲಿ ಕಬ್ಬಿಣಾಂಶ ಇಲ್ಲದೆ ರಕ್ತದ ಕೆಂಪು ಕಣಗಳು ಸಣ್ಣಗಾಗಿ, ಬಣ್ಣಗೆಟ್ಟಿವೆ. ಉಸಿರಿನ ಗಾಳಿಯನ್ನು ಅವು ತಾಯಿಗೂ ಸರಿಯಾಗಿ ಮುಟ್ಟಿಸುತ್ತಿಲ್ಲ, ಕೂಸಿಗೂ ಮುಟ್ಟಿಸುತ್ತಿಲ್ಲ. ಹಸಿ ಅಕ್ಕಿ ತಿನ್ನಬೇಕೆನಿಸುವುದೂ ಅದರಿಂದಲೇ.

"ಅದು ಚಟ ಅಲ್ಲೇನ್ರಿ?" ಗುರುಬಾಯಿ ಕೇಳಿದಳು.

"ಅಲ್ಲ ಅಮ್ಮ, ಕಾಯಿಲೆ. ಮಾತ್ರೆ ಕೊಟ್ಟಿರ್ಲಿಲ್ವಾ?"

"ಕೊಟ್ಟಿದ್ರು. ನಾನ ಬಿಡಿಸಿದೆ."

ರಾಜೀವಿ ರಕ್ತದ ಬಾಟ್ಲಿ ತರಲು ಹೋದಳು.

ಎರಡು ಬಾಟ್ಲಿ ರಕ್ತ ಏರಿಸಿದರು. ಅನುರಾಧಾ ಉಳಿದಳು. ಕೂಸಿನ ಎದೆಬಡಿತ ಮಾತ್ರ ಎರಡನೇ ದಿನ ನಿಂತುಹೋಯಿತು. ಹೆರಿಗೆ ಮಾಡಿಸಿ ತೆಗೆದರು. ಹೆಣ್ಣುಕೂಸು. ಕಾಶಿನಾಥ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಒಬ್ಬನೇ ಮಣ್ಣು ಮಾಡಲು ಹೋದ. ಬಂದ ಮೇಲೆ ತಾಯಿಯ ಜೊತೆ ಮಾತಾಡಲಿಲ್ಲ. ಗುಳಿಗೆಯ ಮಾತನ್ನು ಅವನಿಗೆ ಯಾರು ಹೇಳಿದರೆಂದು ಗುರುಬಾಯಿ ಕೇಳಲಿಲ್ಲ.

ಮತ್ತೆ ಮೂರು ದಿನ ಅವಳು ಸೊಸೆಯ ಮಂಚದ ಕೆಳಗೇ ಮಲಗಿದಳು. ತಪ್ಪಾಯಿತೆನ್ನಲು ಎಷ್ಟೋ ಸಲ ಎದ್ದು ಕೂತಳು. ಪ್ರತಿಸಲ ಅನುರಾಧಾ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿರುತ್ತಿದ್ದಳು.

ಮೂರನೇ ದಿನ ಮಧ್ಯಾಹ್ನ ಸೊಸೆ ತಾನಾಗಿಯೇ ಕರೆದಳು.

"ಅತ್ತಿ, ಕುಬಸ ತೊಯ್ದೈತ್ರಿ."

ಗುರುಬಾಯಿ ಎದ್ದು ನೋಡಿದಳು. ಎದೆಯಲ್ಲಿ ಹಾಲು ಇಳಿದಿತ್ತು. ಅವಳು ತನ್ನ ಸೆರಗಿನ ತುದಿಯನ್ನು ನಾಲ್ಕು ಮಡಿಕೆ ಮಾಡಿ ಸೊಸೆಯ ಎದೆಗೆ ಒತ್ತಿ ಹಿಡಿದಳು. ಬೆಚ್ಚನೆಯ ತೇವ ಒಂದೊಂದೇ ಮಡಿಕೆ ದಾಟಿ ಅವಳ ಅಂಗೈಗೆ ಬಂತು.