ಬದುಕಿದ್ದವನಿಗೆ ಹೊಡೆದ ಗಂಟೆ

ನನ್ನ ಅಣ್ಣಂದಿರಿಬ್ಬರೂ ಮೊಂಡರು. ದೊಡ್ಡವನು ಪೇದ್ರು, ಎರಡನೆಯವನು ಲೋರೆನ್ಸ್. ಲೋರೆನ್ಸಣ್ಣನ ಹೆಂಡತಿ ತೀರಿಕೊಂಡಾಗ ಪೇದ್ರಣ್ಣ ಮಣ್ಣಿಗೆ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಇವನು ಕೇಳಲಿಲ್ಲ, ಅವನು ಹೇಳಲಿಲ್ಲ. ಅಂದಿನಿಂದ ಮಾತು ಬಂದ್. ಆಚೆ ಈಚೆ ಸುದ್ದಿ ಹೊರುವ ಕೆಲಸ ನನ್ನ ತಲೆಗೆ ಬಿತ್ತು.

ಲೋರೆನ್ಸಣ್ಣ ಸಾಗರದ ನಮ್ಮ ಚರ್ಚಿನಲ್ಲಿ ಗಂಟೆ ಹೊಡೆಯುವವನು. ಯಾರಾದರೂ ಸತ್ತರೆ ಒಂದೊಂದೇ ಏಟು, ನಿಧಾನಕ್ಕೆ ಬಿಟ್ಟು ಬಿಟ್ಟು ಹೊಡೆಯಬೇಕು. ಅದು ಕೇಳಿಸಿದರೆ ನಮ್ಮವರು ಕೈಯಲ್ಲಿದ್ದ ಕೆಲಸ ಬಿಟ್ಟು ಸತ್ತವರ ಆತ್ಮಕ್ಕಾಗಿ ಪ್ರಾರ್ಥಿಸುತ್ತಾರೆ. ಆ ಗಂಟೆಯನ್ನು ಅವನು ಯಾವತ್ತೂ ತಪ್ಪಾಗಿ ಹೊಡೆದವನಲ್ಲ.

ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಒಂದು ಬೆಳಿಗ್ಗೆ, ಶಿವಮೊಗ್ಗದ ಆಸ್ಪತ್ರೆಯಿಂದ ಹೊರಟು ಬರುವ ದಾರಿಯಲ್ಲಿ ಪೇದ್ರಣ್ಣನ ಮಗ ಲೋರೆನ್ಸಣ್ಣನಿಗೆ ಫೋನ್ ಮಾಡಿದ. "ಡಾಕ್ಟ್ರು ಕೈ ಬಿಟ್ರು ಚಿಕ್ಕಪ್ಪ. ಅಪ್ಪನ್ನ ಮನೆಗೆ ಕರ್ಕೊಂಡು ಬರ್ತಿದೀವಿ." ಲೋರೆನ್ಸಣ್ಣ ಫೋನ್ ಜೇಬಿಗಿಟ್ಟು, ಹೋಗಿ ಸಾವಿನ ಗಂಟೆ ಹೊಡೆದುಬಿಟ್ಟ. ನಾನು ಮೀನು ಹೆಚ್ಚುತ್ತಿದ್ದವಳು, ಆಸ್ಪತ್ರೆಯಲ್ಲಿದ್ದ ಪೇದ್ರಣ್ಣನೇ ಹೋದನೆಂದು ಕೈ ತೊಳೆದು, ಅಳುತ್ತ ಪ್ರಾರ್ಥಿಸಿದೆ. ಆ ಹೊತ್ತಿಗೆ ಸರಿಯಾಗಿ ಪೇದ್ರಣ್ಣನ ಆಂಬುಲೆನ್ಸ್ ಚರ್ಚಿನ ಮುಂದಿನಿಂದ ಆವಿನಹಳ್ಳಿ ಕಡೆಗೆ ಹೋಯಿತು. ಒಳಗೆ ಅವನು ಕಣ್ಣು ಬಿಟ್ಟುಕೊಂಡೇ ಇದ್ದ.

ಮನೆ ಸೇರಿದವನು ಗಂಜಿ ಕೇಳಿ ಕುಡಿದನಂತೆ. ಊರು ಮೊದಲು ನಕ್ಕಿತು, ಆಮೇಲೆ, ಪಾಪ, ತಮ್ಮ ದುಃಖದಲ್ಲಿ ಗಾಬರಿಯಾಗಿ ಹೊಡೆದಿದ್ದಾನೆ ಅಂದಿತು. ಲೋರೆನ್ಸಣ್ಣ ನಗಲೂ ಇಲ್ಲ, ನಾಚಲೂ ಇಲ್ಲ. ಉಂಡ, ಮಲಗಿದ, ಚರ್ಚಿನ ಅಂಗಳ ಗುಡಿಸಿದ.

"ಎಂತ ಆಗಿದೆ ನಿಂಗೆ?" ಅಂದೆ.

"ಮನಸ್ಸಿಗೆ ಎಂತದೂ ಆಗ್ತಿಲ್ಲ. ಅದೇ ತೊಂದ್ರೆ," ಅಂದ.

ಆ ಶುಕ್ರವಾರ ಅವನು ಪಾಪನಿವೇದನೆಗೆ ಹೋದ. ಅಲ್ಲಿ ನಡೆದದ್ದನ್ನು ಆಮೇಲೆ ಅವನೇ ನನಗೆ ಹೇಳಿದ. ಗಂಟೆಯ ವಿಷಯ ಎತ್ತಿದ ಕೂಡಲೇ ಫಾದರ್, "ಅದು ಗಾಬರಿಯಲ್ಲಿ ಆದದ್ದು. ಪಾಪ ಅಲ್ಲ," ಅಂದರಂತೆ. ಅಷ್ಟಕ್ಕೇ ಎದ್ದು ಬರಬಹುದಿತ್ತು. ಇವನು ಏಳಲಿಲ್ಲ.

"ಗಾಬರಿ ಅಲ್ಲ ಫಾದರ್. ಅವನು ಬದುಕಿದಾನೆ ಅಂತ ಗೊತ್ತಿತ್ತು. ಸಾಯ್ಲಿ ಅಂತಾನೇ ಹೊಡ್ದೆ."

ಫಾದರ್ ದೇವರ ಹೆಸರಿನಲ್ಲಿ ಅವನ ಪಾಪಗಳನ್ನು ಕ್ಷಮಿಸಿ, ಪ್ರಾಯಶ್ಚಿತ್ತಕ್ಕೆ ಅಣ್ಣನ ಹತ್ತಿರ ಹೋಗಿ ಬಾ ಅಂದರು.

"ಕ್ಷಮೆ ಸಿಕ್ತಲ್ಲ, ಹಗುರಾಯ್ತಾ?" ಎಂದು ಕೇಳಿದೆ.

"ಇಲ್ಲ. ಹಲ್ಲು ಕೀಳೋಕೆ ಮುಂಚೆ ಮದ್ದು ಚುಚ್ತಾರಲ್ಲ, ಹಂಗಿದೆ."

ಆವಿನಹಳ್ಳಿಗೆ ಇಬ್ಬರೂ ಬಸ್ಸಿನಲ್ಲಿ ಹೋದೆವು. ಪೇದ್ರಣ್ಣ ಹಾಸಿಗೆಗೆ ಅಂಟಿಕೊಂಡಿದ್ದ.

"ಅವತ್ತಿನ ಗಂಟೆ, ನಾ ಬೇಕಂತ್ಲೇ ಹೊಡ್ದಿದ್ದು," ಅಂದ ಲೋರೆನ್ಸಣ್ಣ.

"ಗೊತ್ತು. ನೀನು ಗಂಟೆ ತಪ್ಪು ಹೊಡಿಯೋನಲ್ಲ." ಪೇದ್ರಣ್ಣ ಉಸಿರು ಎಳೆದುಕೊಂಡ. "ನಿನ್ನ ಹೆಂಡ್ತಿ ಮಣ್ಣಿನ ದಿನ ನಾ ಕುಡ್ದು ಬಿದ್ದಿದ್ದೆ ಮಾರಾಯ. ಹೇಳೋಕೆ ನಾಚಿಕೆ ಆಯ್ತು. ಇನ್ನೊಂದ್ಸಲನೂ ನೀನೇ ಹೊಡಿ."

ಲೋರೆನ್ಸಣ್ಣ ಹೂಂ ಅಂದ. ನನಗೆ ಅಳು ತಡೆಯಲಾಗಲಿಲ್ಲ. ಅವನ ಮುಖ ಮಾತ್ರ ಹಾಗೇ ಇತ್ತು.

ಪೇದ್ರಣ್ಣ ಸತ್ತದ್ದು ಶುಭ ಶುಕ್ರವಾರದ ಬೆಳಿಗ್ಗೆ. ಸಾಯುವುದರಲ್ಲೂ ಮೊಂಡ. ಪವಿತ್ರ ಗುರುವಾರದ ಪೂಜೆಯಿಂದ ಈಸ್ಟರ್ ಜಾಗರಣೆಯವರೆಗೆ ಯಾರು ಸತ್ತರೂ ನಮ್ಮಲ್ಲಿ ಗಂಟೆ ಹೊಡೆಯುವಂತಿಲ್ಲ. ಕೊಟ್ಟ ಮಾತು ಉಳಿಸಿಕೊಳ್ಳಲು ಲೋರೆನ್ಸಣ್ಣನಿಗೆ ದಾರಿಯೇ ಉಳಿಯಲಿಲ್ಲ.

ಹುಡುಕಿಕೊಂಡು ಹೋದರೆ ಅವನು ಗಂಟೆ ಗೋಪುರದ ಕೆಳಗೆ ಹಗ್ಗ ಹಿಡಿದು ನಿಂತಿದ್ದ. ಎಳೆದಿರಲಿಲ್ಲ.

"ಬಿಡಣ್ಣ," ಅಂದೆ. "ಅವನ ಗಂಟೆ ಅವತ್ತೇ ಆಗಿದೆ. ಊರೆಲ್ಲ ಅವನಿಗೆ ಪ್ರಾರ್ಥನೆ ಮಾಡಿತ್ತು. ನಾನೂ ಮಾಡಿದ್ದೆ. ಅದು ದೇವರಿಗೆ ಮುಟ್ಟದೆ ಇರತ್ತಾ?"

"ನಾನೊಬ್ಬ ಮಾಡಿರ್ಲಿಲ್ಲ," ಅಂದ.

ಹಗ್ಗ ಬಿಟ್ಟ. ಅಲ್ಲೇ ಮೊಣಕಾಲೂರಿ ಅಣ್ಣನ ಹೆಸರು ಹೇಳಿ ಪ್ರಾರ್ಥನೆ ಶುರು ಮಾಡಿದ. ಅರ್ಧಕ್ಕೆ ಬಂದಾಗ ಅವನಿಗೆ ಅಳು ಬಂತು. ಉಳಿದರ್ಧ ನಾನು ಹೇಳಿದೆ.