ಇಂಗ್ಲೆಂಡಿನ ಚರ್ಮ

ಪ್ರದರ್ಶನಕ್ಕೆ ನಿಂತ ಹಳೇ ಕಾರಿನ ಗಾಜಿಗೆ ಸಿಕ್ಕಿಸಿದ್ದ ಕಾರ್ಡನ್ನು ಮಾಲಾ ಎರಡು ಸಲ ಓದಿದಳು. ಮೊದಲ ಸಲ ತನ್ನ ಕಣ್ಣೇ ಮಂಜಾಗಿರಬೇಕು ಅಂದುಕೊಂಡಳು. ಎರಡನೆಯ ಸಲ, ಕಣ್ಣು ನೆಟ್ಟಗೇ ಇದೆ, ನಾಚಿಕೆ ಇಲ್ಲದ್ದು ಬರೆದವರಿಗೆ ಎಂಬುದು ಖಾತ್ರಿಯಾಯಿತು. ‘1914ರ ಕಾರು. ಮಾಲೀಕರು: ವೃಷಭೇಂದ್ರಪ್ಪ, ಮೈಸೂರು. ಕ್ಲಚ್ಚಿನ ಚರ್ಮ: ಇಂಗ್ಲೆಂಡಿನಿಂದ ತರಿಸಿದ್ದು.’

ಇಂಗ್ಲೆಂಡಂತೆ. ಆ ಚರ್ಮ ಮಂಡಿ ಮೊಹಲ್ಲಾದ ಅವಳ ಚರ್ಮದ ಕೆಲಸದ ಅಂಗಡಿಯ ಬಕೆಟ್ಟಿನಲ್ಲಿ ನೆನೆದು, ಹಲಗೆಯ ಮೇಲೆ ಒಣಗಿ, ಅವಳ ಹತ್ತೂ ಉಗುರನ್ನು ಕಪ್ಪು ಮಾಡಿ ಹೋಗಿ ಇನ್ನೂ ಒಂದು ತಿಂಗಳಾಗಿರಲಿಲ್ಲ. ಮೆಕ್ಯಾನಿಕ್ ಶಿವಕುಮಾರ್ ಗೋಣಿಚೀಲದಲ್ಲಿ ಸುತ್ತಿ ತಂದಿದ್ದ ಕಬ್ಬಿಣದ ತುಂಡು ದೊಡ್ಡ ಬೋಗುಣಿಯ ಹಾಗಿತ್ತು.

“ಈಗಿನ ಕಾರಿನ ಥರ ಅಲ್ಲ ಮಾಲಕ್ಕ ಇದು,” ಅಂದಿದ್ದ ಅವನು. “ಈ ಬೋಗುಣಿ ಹೋಗಿ ಇಂಜಿನ್ ಚಕ್ರದೊಳಗೆ ಕಚ್ಕೊಂಡ್ರೇನೇ ಗಾಡಿ ಮುಂದಕ್ಕೆ ಹೋಗೋದು. ಕಚ್ಕೊಳೋದು ಕಬ್ಬಿಣ ಅಲ್ಲ, ಅದರ ಮೇಲಿನ ಚರ್ಮ. ಹಳೇದು ಸುಟ್ಟು ಕರಕಲಾಗೋಗಿದೆ. ಬೆಂಗಳೂರಲ್ಲೂ ಕೇಳ್ದೆ, ಯಾರೂ ಆಗಲ್ಲ ಅಂದ್ಬುಟ್ರು.”

ಆಗಲ್ಲ ಅನ್ನುವ ಮಾತು ಕೇಳಿದರೆ ಮಾಲಾಗೆ ಮೈಯೆಲ್ಲ ಉರಿಯುತ್ತಿತ್ತು. ಬೋಗುಣಿಯ ಗೋಡೆ ಓರೆ, ನೇರವಾಗಿ ಕತ್ತರಿಸಿದ ಪಟ್ಟಿ ಅದಕ್ಕೆ ಕೂರುವುದಿಲ್ಲ. ಹಳೆಯ ಪೇಪರಿನಲ್ಲಿ ನಾಲ್ಕು ಸಲ ಅಳತೆ ಕತ್ತರಿಸಿ, ನಾಲ್ಕೂ ಸಲ ಮುದುರಿ ಬಿಸಾಡಿ, ಐದನೆಯದಕ್ಕೆ ಬಾಗು ಸಿಕ್ಕಿತು. ತಾಮ್ರದ ರಿವೆಟ್ಟುಗಳ ತಲೆ ಚರ್ಮದಿಂದ ಮೇಲೆ ಏಳದ ಹಾಗೆ ಒಂದೊಂದನ್ನೂ ಒಳಕ್ಕೆ ಇಳಿಸಿದಳು. ಅದಕ್ಕೂ ಮುಂಚೆ, ಬೋಗುಣಿಗೆ ಅಂಟುವ ಒಳಮೈಗೆ ಅಪ್ಪನ ಮುದ್ರೆ ಒತ್ತಿದಳು.

ಅಪ್ಪ ಸಿದ್ದಪ್ಪಾಜಿ ಟಾಂಗಾ ಕುದುರೆಗಳಿಗೆ ಚರ್ಮದ ಸಾಮಾನು ಹೊಲಿಯುತ್ತಿದ್ದವನು. ಮಾಡಿದ ಪ್ರತಿಯೊಂದಕ್ಕೂ ‘ಸಿ’ ಎಂಬ ಪುಟ್ಟ ಮುದ್ರೆ ಬೀಳುತ್ತಿತ್ತು, ಆದರೆ ಯಾವಾಗಲೂ ಒಳಮೈಗೆ. ಯಾರಿಗೂ ಕಾಣದ ಕಡೆ ಯಾಕಪ್ಪ ಅಂತ ಚಿಕ್ಕವಳಿದ್ದಾಗ ಕೇಳಿದ್ದಳು. “ಹೊರಗೆ ಒತ್ತುದ್ರೆ ಯಾವ ಕೇರಿಯಿಂದ ಬಂತು ಅಂತ ಗೊತ್ತಾಗ್ಬುಡ್ತದೆ ಕಣವ್ವ. ಆಮೇಲೆ ಯಾರೂ ಕೊಳ್ಳಲ್ಲ,” ಅಂದಿದ್ದ. ಅಳಲೂ ಇಲ್ಲ, ನಗಲೂ ಇಲ್ಲ, ದಾರಕ್ಕೆ ಮೇಣ ಹಚ್ಚುತ್ತಲೇ ಹೇಳಿದ್ದ.

ಈಗ ಕಾರ್ಡಿನ ಮುಂದೆ ನಿಂತಾಗ ಆ ಮಾತು ಮತ್ತೆ ಚುಚ್ಚಿತು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಹಳೇ ಕಾರುಗಳ ಈ ಪ್ರದರ್ಶನಕ್ಕೆ ಮಗಳು ಭಾನುಪ್ರಿಯಾಳ ಜೊತೆ ಬಂದವಳು, ಮೊದಲು ಬಾಗಿಲ ಹತ್ತಿರದ ಶಾಮಿಯಾನದಲ್ಲಿ ಕಾರಿನ ಚರಿತ್ರೆಯ ಬೋರ್ಡುಗಳನ್ನು ನೋಡಿದ್ದಳು. ಭಾನುಪ್ರಿಯಾ ಹೂಟಗಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಬ್ರೇಕುಗಳನ್ನು ಪರೀಕ್ಷೆ ಮಾಡುವವಳು, ಅವಳಿಗೆ ಇದೆಲ್ಲ ಕರತಲಾಮಲಕ. ಒಂದು ಬೋರ್ಡಿನ ಮುಂದೆ ನಿಲ್ಲಿಸಿ ಓದಿ ಹೇಳಿದ್ದಳು: 1888ರಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಹೆಂಗಸು, ಗಂಡ ಮಾಡಿದ ಮೂರು ಗಾಲಿಯ ಕಾರನ್ನು ಗಂಡನಿಗೇ ಹೇಳದೆ ತೆಗೆದುಕೊಂಡು, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ನೂರು ಕಿಲೋಮೀಟರು ಹೋದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಇಂಧನ ಮುಗಿದಾಗ, ಆ ಕಾಲಕ್ಕೆ ಅದು ಸಿಗುತ್ತಿದ್ದ ಔಷಧಿ ಅಂಗಡಿಯಲ್ಲಿ ಕೊಂಡಳು. ಬ್ರೇಕಿನ ಮರ ಸವೆದಾಗ ಹಳ್ಳಿಯ ಚಪ್ಪಲಿ ಹೊಲಿಯುವವನೊಬ್ಬನಿಂದ ಅದಕ್ಕೆ ಚರ್ಮ ಹೊಡೆಸಿದಳು.

“ನೋಡವ್ವ, ನಾನೀಗ ಮಾಡೋ ಕೆಲಸ ಶುರುವಾಗಿದ್ದೇ ನಿನ್ನಂಥೋರ ಕೈಯಿಂದ,” ಅಂದಿದ್ದಳು ಮಗಳು ಹೆಮ್ಮೆಯಿಂದ.

“ಅವನ ಹೆಸರೇನು?”

“ಯಾರದು?”

“ಚರ್ಮ ಹೊಡೆದೋನ್ದು.”

ಭಾನುಪ್ರಿಯಾ ಬೋರ್ಡನ್ನು ಮೇಲಿಂದ ಕೆಳಗೆ ನೋಡಿದಳು. ಹೆಂಗಸಿನ ಹೆಸರಿತ್ತು, ಗಂಡನ ಹೆಸರಿತ್ತು, ಔಷಧಿ ಅಂಗಡಿಯವನದೂ ಇತ್ತು. “ಬರ್ದಿಲ್ಲ ಕಣವ್ವ,” ಅಂದಳು.

ವೃಷಭೇಂದ್ರಪ್ಪನವರು ಕಾರಿನ ಪಕ್ಕದಲ್ಲೇ ರೇಷ್ಮೆ ಜುಬ್ಬಾ ತೊಟ್ಟು ನಿಂತಿದ್ದರು. ಮಾಲಾ ಸೀದಾ ಅವರ ಮುಂದೆ ಹೋಗಿ ನಿಂತಳು.

“ಸಾರ್, ಈ ಕ್ಲಚ್ಚಿಗೆ ಚರ್ಮ ಹಾಕಿದ್ದು ನಾನು. ಕಾರ್ಡಲ್ಲಿ ನನ್ನೆಸರು ಬರೀರಿ.”

ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ನೋಡಮ್ಮ, ಕೆಲಸ ಚೆನ್ನಾಗಿ ಮಾಡಿದೀಯ, ಇಲ್ಲ ಅನ್ನಲ್ಲ. ಆದ್ರೆ ಜಡ್ಜುಗಳು ಬರ್ತಾರೆ, ದೊಡ್ಡ ದೊಡ್ಡೋರು ನೋಡ್ತಾರೆ. ಇಂಥ ಗಾಡಿ ಮೇಲೆ ಮಂಡಿ ಮೊಹಲ್ಲಾ ಅಂತ ಬರ್ದ್ರೆ ಚೆನ್ನಾಗಿರುತ್ತಾ, ನೀನೇ ಹೇಳು.”

“ಗಾಡಿ ಒಳಗೆ ಇದ್ರೆ ಚೆನ್ನಾಗಿರ್ತದೆ, ಮೇಲೆ ಬರ್ದ್ರೆ ಚೆನ್ನಾಗಿರಲ್ವಾ?”

ಅವರು ಯಾರಿಗೋ ನಮಸ್ಕಾರ ಮಾಡಲು ತಿರುಗಿದರು. ಭಾನುಪ್ರಿಯಾ ತಾಯಿಯ ಕೈ ಹಿಡಿದು, “ಬಾವ್ವ, ಹೋಗೋಣ,” ಅಂದಳು. ಮಾಲಾ ಕದಲಲಿಲ್ಲ. ಮೈದಾನದ ಸುತ್ತಲಿನ ಕಟಕಟೆಗೆ ಒರಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಲ್ಲೇ ಬೇರು ಬಿಟ್ಟವಳಂತೆ ನಿಂತಳು.

ಹನ್ನೊಂದಕ್ಕೆ ಮೆರವಣಿಗೆ ಶುರುವಾಯಿತು. ನಿಯಮ ಸರಳ: ಪ್ರತಿ ಕಾರೂ ತನ್ನ ಬಲದಿಂದಲೇ ಸಣ್ಣ ಏರು ಹತ್ತಿ, ಜಡ್ಜುಗಳ ಮೇಜಿನ ಮುಂದೆ ನಿಲ್ಲಬೇಕು. ತಳ್ಳಿದರೆ ಸ್ಪರ್ಧೆಯಿಂದ ಹೊರಗೆ. ವೃಷಭೇಂದ್ರಪ್ಪನವರ ಸರದಿ ಬಂತು. ಇಂಜಿನ್ನು ಗುಡುಗಿತು, ಹೊಗೆ ಎದ್ದಿತು, ಅವರು ಕ್ಲಚ್ಚಿನ ಪೆಡಲು ಬಿಟ್ಟರು. ಕಾರು ಏರಿನ ಬುಡದಲ್ಲಿ ನಿಂತಲ್ಲೇ ನಿಂತಿತ್ತು. ಇಂಜಿನ್ನು ಇನ್ನೂ ಜೋರಾಗಿ ಅರಚಿತು, ಗಾಲಿ ಒಂದಿಂಚೂ ಉರುಳಲಿಲ್ಲ. ಜನರ ನಡುವೆ ಯಾರೋ ಸಿಳ್ಳೆ ಹೊಡೆದರು.

ಶಿವಕುಮಾರ್ ಕಾಲಿಡುವ ಹಲಗೆ ಎತ್ತಿ ಬಗ್ಗಿ ನೋಡಿ, ಹಣೆ ಚಚ್ಚಿಕೊಂಡು ಮಾಲಾಳ ಹತ್ತಿರ ಓಡಿ ಬಂದ.

“ಮಾಲಕ್ಕ, ಹರಳೆಣ್ಣೆ ಸೋರ್ತಾ ಅದೆ. ಬೆಳಗ್ಗೆ ಸಾಹೇಬ್ರು ಇಡೀ ಬಾಟ್ಲಿ ಸುರ್ದವ್ರಂತೆ, ಚರ್ಮ ಮೆತ್ತಗಿರ್ಲಿ ಅಂತ.”

“ಎರಡು ಚಮಚ ಹಚ್ಚಿ, ಒಂದಿನ ಬಿಟ್ಟು ಒರೆಸಿ ಅಂದಿದ್ದೆ. ಅವರಿಗೆ ಹೇಳಿದ್ಯೋ ಇಲ್ವೋ?”

“ಹೇಳ್ದೆ. ಅವ್ರು ಕೇಳ್ಬೇಕಲ್ಲ. ಜಡ್ಜುಗಳು ಹತ್ತು ನಿಮಿಷ ಟೈಮ್ ಕೊಟ್ಟವ್ರೆ. ನಿಮ್ಮ ಕೈಲಾಗ್ತದಾ?”

“ಆಗ್ತದೆ. ಆದ್ರೆ ಅದು ಇಂಗ್ಲೆಂಡ್ ಚರ್ಮ ಅಲ್ವಾ? ಅದರ ವಿಷ್ಯ ನಂಗೆ ಗೊತ್ತಿಲ್ಲ. ನಾನು ಹಾಕಿದ ಚರ್ಮ ಆದ್ರೆ ಗೊತ್ತು. ಯಾರದು ಅಂತ ಬರ್ಕೊಂಡು ಬರೋಕೇಳು, ಕೈ ಹಾಕ್ತೀನಿ.”

ಶಿವಕುಮಾರ್ ಹೋದ, ಎರಡು ನಿಮಿಷದಲ್ಲಿ ಕಾರ್ಡು ಹಿಡಿದು ಬಂದ. ಇಂಗ್ಲೆಂಡಿಗೆ ಗೀಟು ಬಿದ್ದಿತ್ತು. ಪಕ್ಕದಲ್ಲಿ ಹೊಸ ಅಕ್ಷರ: ‘ಸ್ಥಳೀಯ ಕುಶಲಕರ್ಮಿಯೊಬ್ಬರಿಂದ’.

ಅದನ್ನು ಓದಿದಾಗ ಮಾಲಾಗೆ ಮೊದಲಿಗಿಂತ ಹೆಚ್ಚು ನೋವಾಯಿತು. ಇಂಗ್ಲೆಂಡು ಸುಳ್ಳು, ಅದನ್ನು ಸುಳ್ಳು ಅಂತ ತಳ್ಳಿಹಾಕಬಹುದಿತ್ತು. ಇದು ನಿಜ ಒಪ್ಪಿಕೊಂಡು ಬರೆದದ್ದು, ಎದುರಿಗೇ ನಿಂತವಳ ಹೆಸರು ನುಂಗಿ ಬರೆದದ್ದು. ಅವಳು ಕಟಕಟೆ ದಾಟಿ, ಮೈದಾನದ ನಡುವೆ ಎಲ್ಲರೂ ನೋಡುತ್ತಿದ್ದ ಹಾಗೆ ನಡೆದು ಹೋಗಿ ಕಾರಿನ ಪಕ್ಕ ನಿಂತಳು.

“ಸಾರ್, ಒಬ್ಬರು ಅಂದ್ರೆ ಯಾರು?”

“ಆಮೇಲೆ ಬರೀತೀನಮ್ಮ, ಮಾತು ಕೊಡ್ತೀನಿ. ಈಗ ಜನ ನೋಡ್ತಿದಾರೆ.”

“ಜನ ನೋಡ್ಲಿ ಅಂತಲೇ ಬಂದಿದೀನಿ. ನಮ್ಮಪ್ಪ ಜೀವನ ಪೂರ್ತಿ ಹೆಸರನ್ನ ಒಳಗೇ ಒತ್ತಿದ್ದಾಯ್ತು. ನಿಮ್ಮ ಕೈಲಿ ಬರೆಯೋಕಾಗ್ದಿದ್ರೆ ಪೆನ್ನು ಕೊಡಿ, ನಾನು ಹೊರಗೆ ಬರೀತೀನಿ.”

ವೃಷಭೇಂದ್ರಪ್ಪನವರ ಮುಖ ಕೆಂಪಾಯಿತು. ಗಡಿಯಾರ ನೋಡಿದರು, ಜಡ್ಜುಗಳ ಮೇಜು ನೋಡಿದರು, ಕೊನೆಗೆ ಜೇಬಿಗೆ ಕೈ ಹಾಕಿ ಪೆನ್ನು ಕೊಟ್ಟರು. ಮಾಲಾ ಕಾರಿನ ಬಾನೆಟ್ಟಿನ ಮೇಲೆಯೇ ಕಾರ್ಡಿಟ್ಟು, ‘ಕ್ಲಚ್ಚಿನ ಚರ್ಮ’ದ ಮುಂದೆ ಇದ್ದದ್ದನ್ನೆಲ್ಲ ಹೊಡೆದುಹಾಕಿ, ದಪ್ಪ ಅಕ್ಷರದಲ್ಲಿ ಬರೆದಳು: ‘ಮಾಲಾ, ಸಿದ್ದಪ್ಪಾಜಿ ಮಗಳು, ಮಂಡಿ ಮೊಹಲ್ಲಾ.’ ಅದನ್ನು ಮುಂದಿನ ಗಾಜಿಗೆ ತಾನೇ ಸಿಕ್ಕಿಸಿದಳು.

ಆಮೇಲೆ ಕೆಲಸ. ಭಾನುಪ್ರಿಯಾ ತಾಯಿ ಹೇಳಿದ ಹಾಗೆ ಎದುರಿನ ಅಂಗಡಿಯಿಂದ ಮುಲ್ತಾನಿ ಮಿಟ್ಟಿಯ ಪೊಟ್ಟಣ ತಂದಳು. “ಅದು ಮುಖಕ್ಕೆ ಹಚ್ಚೋದಲ್ವಾ?” ಅಂದರು ವೃಷಭೇಂದ್ರಪ್ಪನವರು ಗಾಬರಿಯಿಂದ. “ಮುಖದ ಎಣ್ಣೆ ಹೀರೋದು ಚರ್ಮದ ಎಣ್ಣೆ ಹೀರಲ್ವಾ ಸಾರ್? ಪೆಡಲು ಒತ್ತಿ ಹಿಡ್ಕಳಿ,” ಅಂದಳು ಮಾಲಾ. ಶಿವಕುಮಾರ್ ಇಂಜಿನ್ ನಿಲ್ಲಿಸಿದ. ಪೆಟ್ರೋಲು ಅದ್ದಿದ ಬಟ್ಟೆಯಲ್ಲಿ ಚರ್ಮವನ್ನು ಸುತ್ತಲೂ ಒರೆಸಿ, ಆರಲು ಬಿಟ್ಟು, ಪುಡಿಯನ್ನು ಬೆರಳಲ್ಲಿ ತೀಡಿದಳು. “ಇಂಜಿನ್ ಹಚ್ಚು ಶಿವಕುಮಾರ. ಸಾರ್, ಪೆಡಲು ನಿಧಾನಕ್ಕೆ ಬುಡಿ.”

ಚರ್ಮ ಕಚ್ಚಿತು. ಕಾರು ಒಮ್ಮೆ ಕುಲುಕಿ ಏರು ಹತ್ತಿತು, ಮಾಲಾ ಅದರ ಪಕ್ಕದಲ್ಲೇ ನಡೆದಳು. ಜಡ್ಜು ಬಗ್ಗಿ ಕಾರ್ಡಿನಲ್ಲಿದ್ದುದನ್ನು ಮೈಕಿನಲ್ಲಿ ಓದಿದರು, ಆಮೇಲೆ ತಲೆ ಎತ್ತಿ, “ಮಾಲಾ ಅಂದ್ರೆ ಯಾರು?” ಅಂದರು. ಮಾಲಾ ಪುಡಿ ಮೆತ್ತಿದ ಕೈಯನ್ನು ಮೇಲೆತ್ತಿದಳು. “ನಾನೇ,” ಅಂದಳು.

ಚಪ್ಪಾಳೆ ಮುಗಿಯುವ ತನಕವೂ ಅವಳು ಕಾಯಲಿಲ್ಲ. ಬಾಗಿಲ ಕಡೆ ಹೊರಟಾಗ ಶಿವಕುಮಾರ್ ಹಿಂದಿನಿಂದ ಕೂಗಿದ: “ಮಾಲಕ್ಕ, ಸಾಹೇಬ್ರ ಪೆನ್ನು.”

“ಇನ್ನೊಂದು ಕಡೆ ಬರೆಯೋದದೆ, ಇರು.”

ಶಾಮಿಯಾನಕ್ಕೆ ಹೋಗಿ, 1888ರ ಬೋರ್ಡಿನಲ್ಲಿ ‘ಚಪ್ಪಲಿ ಹೊಲಿಯುವವನೊಬ್ಬ’ ಎಂದು ಇದ್ದ ಕಡೆ ಬೆರಳಿಟ್ಟು, ಪಕ್ಕದ ಖಾಲಿ ಜಾಗದಲ್ಲಿ ನಿಧಾನವಾಗಿ ಬರೆದಳು: ‘ಇವನಿಗೂ ಹೆಸರಿತ್ತು. ಯಾರೂ ಕೇಳಲಿಲ್ಲ.’